ಕೂಲಿಯಿಲ್ಲದ ದುಡಿಮೆ

‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ನೀವೆಲ್ಲರೂ ಕೇಳಿದ್ದೀರಿ. ದುಡಿದವರಿಗೆ ಫಲ ತಪ್ಪದು ಎಂಬುದು ಅದರ ತಾತ್ಪರ್ಯ. ಗದ್ದೆಯ ಕೆಸರಿನಲ್ಲಿ ಕೈಯಾಡಿಸಿದ ರೈತನು ಸುಗ್ಗಿಯಲ್ಲಿ ಅದರ ಫಲವನ್ನು ಉಣ್ಣುತ್ತಾನೆ. ಹಗಲೆಲ್ಲ ಇಟ್ಟಿಗೆ ಹೊತ್ತ ಆಳು ಸಂಜೆ ಕೂಲಿಯನ್ನೆಣಿಸಿಕೊಂಡು ಮನೆಗೆ ಮರಳುತ್ತಾನೆ. ಇದು ಲೋಕದ ನ್ಯಾಯ. ಆದರೆ ಕೆಸರಾದ ಕೈ ಒಬ್ಬರದು, ಮೊಸರುಂಡ ಬಾಯಿ ಇನ್ನೊಬ್ಬರದು ಆಗುವ ಪ್ರಸಂಗಗಳೂ ಉಂಟು. ಜಾತ್ರೆಯ ಬಿಸಿಲಿನಲ್ಲಿ ನಿಂತು ಬಂದವರಿಗೆಲ್ಲ ನೀರು ಮಜ್ಜಿಗೆ ಕೊಡುವವರಿದ್ದಾರೆ. ನೆರೆ ಬಂದಾಗ ಗಂಜಿಕೇಂದ್ರದಲ್ಲಿ ಹಗಲಿರುಳು ದುಡಿಯುವವರಿದ್ದಾರೆ. ಓದು ಬಾರದ ಹಿರಿಯರಿಗೆ ಅಕ್ಷರ ಕಲಿಸುವವರಿದ್ದಾರೆ. ಇವರಿಗೆ ಕೂಲಿಯಿಲ್ಲ, ಸಂಬಳವಿಲ್ಲ. ಹೀಗೆ ತಾವಾಗಿಯೇ ಒಪ್ಪಿಕೊಂಡು, ಹಣದ ಅಪೇಕ್ಷೆಯಿಲ್ಲದೆ ಮಾಡುವ ಕೆಲಸವನ್ನೇ ನಾವು ಸ್ವಯಂಸೇವೆ ಎನ್ನುತ್ತೇವೆ.

ಹಾಗಾದರೆ ಸ್ವಯಂಸೇವೆ ಮಾಡಿದವರಿಗೆ ದೊರೆಯುವುದೇನು? ಪುಣ್ಯ ಎಂದು ಹಿರಿಯರು ಹೇಳುತ್ತಾರೆ. ತೃಪ್ತಿ ಎಂದು ಭಾಷಣಕಾರರು ಹೇಳುತ್ತಾರೆ. ಪ್ರಮಾಣಪತ್ರ ಎಂದು ಕೆಲವರು ಮೆಲ್ಲಗೆ ಹೇಳುವುದೂ ಉಂಟು. ಈ ಉತ್ತರಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಯಾವುದೂ ಪೂರ್ತಿ ನಿಜವೂ ಅಲ್ಲ. ಹೆಣ್ಣುಮಕ್ಕಳ ಗೈಡ್ ದಳವೊಂದನ್ನು ಮೂವತ್ತನಾಲ್ಕು ವರ್ಷ ನಡೆಸಿದ ಅಧ್ಯಾಪಕಿ ನಾನು. ನಾನು ಕಂಡುಕೊಂಡ ಉತ್ತರವನ್ನು ನಿಮ್ಮ ಮುಂದಿಡುವುದೇ ಈ ಪಾಠದ ಉದ್ದೇಶ. ಅದಕ್ಕೆ ಮೊದಲು ಈ ಸಂಸ್ಥೆ ಹುಟ್ಟಿದ ಬಗೆಯನ್ನೂ ಅದು ಕೆಲಸ ಮಾಡುವ ರೀತಿಯನ್ನೂ ತಿಳಿಯುವುದು ಅವಶ್ಯ.

ಬೇಡನ್ ಪೊವೆಲ್ ಎಂಬ ಇಂಗ್ಲಿಷ್ ಸೇನಾಧಿಕಾರಿಯು 1907ರ ಆಗಸ್ಟ್ ತಿಂಗಳಿನಲ್ಲಿ ಇಂಗ್ಲೆಂಡಿನ ದಕ್ಷಿಣ ತೀರದ ಬ್ರೌನ್‌ಸೀ ಎಂಬ ದ್ವೀಪಕ್ಕೆ ಸುಮಾರು 20 ಮಂದಿ ಹುಡುಗರನ್ನು ಕರೆದೊಯ್ದು ಶಿಬಿರ ನಡೆಸಿದನು. ಅವರಲ್ಲಿ ಸಿರಿವಂತರ ಮಕ್ಕಳೂ ಇದ್ದರು, ದುಡಿದು ಉಣ್ಣುವವರ ಮಕ್ಕಳೂ ಇದ್ದರು. ಡೇರೆ ಹೂಡುವುದು, ಒಲೆ ಹೊತ್ತಿಸಿ ಅಡುಗೆ ಮಾಡುವುದು, ಜಾಡು ಹಿಡಿದು ನಡೆಯುವುದು, ಗಾಯಕ್ಕೆ ಕಟ್ಟು ಕಟ್ಟುವುದು ಇವೇ ಅಲ್ಲಿಯ ಪಾಠಗಳು. ಮರುವರ್ಷ, ಎಂದರೆ 1908ರಲ್ಲಿ, ಈ ವಿದ್ಯೆಯನ್ನು ಕುರಿತು ಅವನು ಬರೆದ ಪುಸ್ತಕವು ಪ್ರಕಟವಾಯಿತು. ಅದನ್ನೋದಿದ ಬಾಲಕರು ಊರೂರುಗಳಲ್ಲಿ ತಮ್ಮಷ್ಟಕ್ಕೆ ತಾವೇ ದಳಗಳನ್ನು ಕಟ್ಟಿಕೊಂಡರು. ಹೀಗೆ ಸ್ಕೌಟ್ ಚಳವಳಿಯು ಹುಟ್ಟಿತು.

ಆ ಪುಸ್ತಕವನ್ನು ಬರೆದುದು ಹುಡುಗರಿಗಾಗಿ. ಆದರೆ ಹುಡುಗಿಯರೂ ಅದನ್ನು ಓದಿದರು. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಸಾವಿರಾರು ಸ್ಕೌಟ್ ಬಾಲಕರ ಮೇಳವು ನಡೆದಾಗ, ಯಾರೂ ಕರೆಯದಿದ್ದರೂ ಕೆಲವು ಹುಡುಗಿಯರು ಸಮವಸ್ತ್ರವನ್ನು ತಾವೇ ಹೊಂದಿಸಿಕೊಂಡು ಅಲ್ಲಿಗೆ ಬಂದು ನಿಂತರು. ತಾವೂ ಸ್ಕೌಟುಗಳೇ ಎಂದರು. ಹೆಣ್ಣುಮಕ್ಕಳು ಕಾಡುಮೇಡು ಸುತ್ತುವುದನ್ನು ಆ ದೇಶದಲ್ಲಿಯೂ ಅನೇಕರು ಒಪ್ಪದಿದ್ದ ಕಾಲವದು. ಆದರೂ ಅವರ ಹಟಕ್ಕೆ ಫಲ ದೊರೆಯಿತು. 1910ರಲ್ಲಿ ಅವರಿಗಾಗಿ ಗರ್ಲ್ ಗೈಡ್ಸ್ ಎಂಬ ಪ್ರತ್ಯೇಕ ಸಂಸ್ಥೆಯು ಏರ್ಪಟ್ಟಿತು. ಬೇಡನ್ ಪೊವೆಲನ ಸೋದರಿ ಆಗ್ನೆಸ್ ಅದರ ಹೊಣೆಯನ್ನು ವಹಿಸಿಕೊಂಡಳು. ಅವಿಭಜಿತ ಹಿಂದೂಸ್ಥಾನದ ವಾಯವ್ಯ ಗಡಿಯಲ್ಲಿದ್ದ ‘ಗೈಡ್ಸ್’ ಎಂಬ ಹೆಸರಾಂತ ಸೇನಾಪಡೆಯಿಂದ ಈ ಹೆಸರನ್ನು ತೆಗೆದುಕೊಂಡರು. ಗೈಡ್ ಎಂದರೆ ದಾರಿ ತೋರುವವಳು. ಈ ಸಂಸ್ಥೆಯನ್ನು ಹೆಣ್ಣುಮಕ್ಕಳಿಗೆ ಯಾರೂ ದಾನವಾಗಿ ಕೊಡಲಿಲ್ಲ, ಅವರು ಕೇಳಿ ಪಡೆದರು ಎಂಬುದನ್ನು ನೀವು ನೆನಪಿನಲ್ಲಿಡಬೇಕು.

ನಮ್ಮ ದೇಶದಲ್ಲಿ ಸ್ಕೌಟ್ ದಳವು 1909ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಗೈಡ್ ದಳವು 1911ರಲ್ಲಿ ಜಬಲ್ಪುರದಲ್ಲಿ ಆರಂಭವಾಯಿತು. ಆದರೆ ಮೊದಮೊದಲು ಇವು ಯೂರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ ಮೀಸಲಾಗಿದ್ದವು. ಈ ಭೇದವನ್ನು ಸಹಿಸದೆ ಆನಿ ಬೆಸೆಂಟರು 1917ರಲ್ಲಿ ಮದರಾಸಿನಲ್ಲಿ ಭಾರತೀಯ ಬಾಲಕರಿಗಾಗಿಯೇ ಸ್ಕೌಟ್ ಸಂಸ್ಥೆಯನ್ನು ತೆರೆದರು. ಉತ್ತರ ಭಾರತದಲ್ಲಿ ಪಂಡಿತ ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಮೊದಲಾದವರು ಸೇವಾ ಸಮಿತಿಯ ಹೆಸರಿನಲ್ಲಿ ಇದೇ ಕೆಲಸವನ್ನು ಕೈಗೊಂಡರು. ಸ್ವಾತಂತ್ರ್ಯ ಬಂದ ಮೇಲೆ ಬೇರೆಬೇರೆ ಸಂಸ್ಥೆಗಳು ಒಂದುಗೂಡಿ 1950ರ ನವೆಂಬರ್ 7ರಂದು ‘ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್’ ಹುಟ್ಟಿತು. 1951ರ ಆಗಸ್ಟ್ 15ರಂದು ಗರ್ಲ್ ಗೈಡ್ಸ್ ಸಂಸ್ಥೆಯೂ ಅದರೊಡನೆ ಸೇರಿತು. ಲೋಕದ ಎಲ್ಲ ಗೈಡುಗಳನ್ನು ಕೂಡಿಸುವ ವಿಶ್ವಸಂಸ್ಥೆಯು 1928ರಲ್ಲಿ ಸ್ಥಾಪನೆಯಾಗಿದ್ದು, ಇಂದು ಸುಮಾರು ನೂರೈವತ್ತು ದೇಶಗಳಲ್ಲಿ ಹಬ್ಬಿದೆ. ಅದರ ಕೆಲವೇ ವಿಶ್ವಕೇಂದ್ರಗಳಲ್ಲಿ ಒಂದಾದ ‘ಸಂಗಮ್’ 1966ರಲ್ಲಿ ತೆರೆದದ್ದು ನಮ್ಮ ನೆರೆಯ ಪುಣೆಯಲ್ಲಿ.

ಕರ್ನಾಟಕದಲ್ಲಿ ಈ ಚಳವಳಿಯನ್ನು ಬೆಳೆಸಿದವರಲ್ಲಿ ಕೊಂಡಜ್ಜಿ ಬಸಪ್ಪನವರ ಹೆಸರು ಮುಖ್ಯವಾದುದು. ಹರಿಹರದ ಬಳಿಯ ಕೊಂಡಜ್ಜಿಯಲ್ಲಿ, ಕೆರೆ ಗುಡ್ಡಗಳ ನಡುವೆ ಇರುವ ಶಿಬಿರ ಕೇಂದ್ರವನ್ನು ನಮ್ಮ ರಾಜ್ಯದ ಸ್ಕೌಟು ಗೈಡುಗಳು ಬಲ್ಲರು. 2022ರ ಡಿಸೆಂಬರಿನಲ್ಲಿ ಮೂಡಬಿದಿರೆಯಲ್ಲಿ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆದಾಗ ಸಾವಿರಾರು ಮಕ್ಕಳು ಒಂದೆಡೆ ಸೇರಿದ್ದರು.

ಇನ್ನು ಈ ಸಂಸ್ಥೆಯು ಕೆಲಸ ಮಾಡುವ ರೀತಿಯನ್ನು ನೋಡೋಣ. ಸುಮಾರು ಹತ್ತು ವರ್ಷದೊಳಗಿನ ಹೆಣ್ಣುಮಕ್ಕಳು ಬುಲ್‌ಬುಲ್‌ಗಳು. ಹತ್ತು ದಾಟಿದವರು ಗೈಡುಗಳು. ಶಾಲೆ ಮುಗಿಸಿ ಕಾಲೇಜಿನ ಮೆಟ್ಟಿಲೇರಿದವರು ರೇಂಜರುಗಳು. ಆರರಿಂದ ಎಂಟು ಮಂದಿ ಗೈಡುಗಳು ಸೇರಿದರೆ ಒಂದು ಪೆಟ್ರೋಲ್; ಅಂಥ ಕೆಲವು ಪೆಟ್ರೋಲುಗಳು ಸೇರಿದರೆ ಒಂದು ದಳ. ಪ್ರತಿಯೊಂದು ಪೆಟ್ರೋಲಿಗೂ ಅದರ ಹುಡುಗಿಯರಲ್ಲೇ ಒಬ್ಬಳು ನಾಯಕಿ. ಇಡೀ ದಳಕ್ಕೆ ಹಿರಿಯಳೊಬ್ಬಳು ಗೈಡ್ ಕ್ಯಾಪ್ಟನ್. ‘ಸಿದ್ಧರಾಗಿರಿ’ ಎಂಬುದು ಗೈಡುಗಳ ಧ್ಯೇಯವಾಕ್ಯ. ದಳಕ್ಕೆ ಸೇರುವಾಗ ಹುಡುಗಿಯು ದೇವರಿಗೂ ದೇಶಕ್ಕೂ ಸಲ್ಲಬೇಕಾದ ಕರ್ತವ್ಯವನ್ನು ಮಾಡುವೆನೆಂದೂ ಇತರರಿಗೆ ನೆರವಾಗುವೆನೆಂದೂ ಪ್ರತಿಜ್ಞೆ ಮಾಡುತ್ತಾಳೆ. ನಂಬಿಕೆ, ನಿಷ್ಠೆ, ಸ್ನೇಹ, ವಿನಯ, ಧೈರ್ಯ, ಮಿತವ್ಯಯ ಮೊದಲಾದವನ್ನು ಹೇಳುವ ಒಂಬತ್ತು ನಿಯಮಗಳಿವೆ. ದಿನಕ್ಕೊಂದಾದರೂ ಒಳ್ಳೆಯ ಕೆಲಸ ಮಾಡಬೇಕೆಂಬ ವಾಡಿಕೆಯಿದೆ. ಹಂತಹಂತವಾಗಿ ಪರೀಕ್ಷೆಗಳನ್ನು ಮುಗಿಸಿದವರಿಗೆ ರಾಜ್ಯ ಪುರಸ್ಕಾರವೂ ರಾಷ್ಟ್ರಪತಿ ಪುರಸ್ಕಾರವೂ ದೊರೆಯುತ್ತವೆ.

ಮೇಲುನೋಟಕ್ಕೆ ಇಲ್ಲಿ ಕಲಿಸುವ ವಿದ್ಯೆಗಳು ತೀರ ಸಣ್ಣವು. ಉದಾಹರಣೆಗೆ ರೀಫ್ ಗಂಟನ್ನು ತೆಗೆದುಕೊಳ್ಳಿ. ಸಮನಾದ ದಪ್ಪವುಳ್ಳ ಎರಡು ಹಗ್ಗಗಳನ್ನು ಜೋಡಿಸಲು, ಗಾಯದ ಪಟ್ಟಿಯ ತುದಿಗಳನ್ನು ಕಟ್ಟಲು ಇದು ಬೇಕು. ಬಲಗೈಯ ತುದಿಯನ್ನು ಎಡದರ ಮೇಲೆ ಹಾಯಿಸಿ ಒಮ್ಮೆ ಸುತ್ತಬೇಕು. ಬಳಿಕ ಎಡಗೈಗೆ ಬಂದ ತುದಿಯನ್ನು ಬಲದರ ಮೇಲೆ ಹಾಯಿಸಿ ಸುತ್ತಿ ಎಳೆಯಬೇಕು ಎಂದು ಬಾಯಲ್ಲಿ ಹೇಳಿದರೆ ಗೊಂದಲವೇ ಹೆಚ್ಚು. ನಾವು ಮಕ್ಕಳಿಗೆ ಹೇಳುತ್ತಿದ್ದುದು ಇಷ್ಟೇ: ‘ಮೊದಲು ಬಲ ಎಡದ ಮೇಲೆ, ಆಮೇಲೆ ಎಡ ಬಲದ ಮೇಲೆ.’ ಎರಡು ಸಲವೂ ಒಂದೇ ಕಡೆಯಿಂದ ಹಾಯಿಸಿದರೆ ಗಂಟು ಬಿದ್ದಂತೆ ಕಂಡರೂ ಎಳೆತಕ್ಕೆ ಜಾರಿಹೋಗುತ್ತದೆ. ಸರಿಯಾಗಿ ಹಾಕಿದ ಗಂಟು ಎಳೆದಷ್ಟೂ ಬಿಗಿಯುತ್ತದೆ. ಬೇಕೆಂದಾಗ ಸುಲಭವಾಗಿ ಬಿಚ್ಚುತ್ತದೆ. ಈ ಗಂಟಿನ ಮಾತನ್ನು ಮರೆಯಬೇಡಿ. ಮುಂದೆ ಮತ್ತೆ ಬರುತ್ತದೆ.

ನಾನು ಅಧ್ಯಾಪಕಿಯಾಗಿ ಸೇರಿದುದು 1983ರಲ್ಲಿ. ಮರುವರ್ಷ ನಮ್ಮ ಮುಖ್ಯೋಪಾಧ್ಯಾಯಿನಿಯವರು ನನ್ನನ್ನು ಕರೆದು, ಗೈಡ್ ದಳವನ್ನು ನೀವೇ ನೋಡಿಕೊಳ್ಳಬೇಕು ಎಂದರು. ಹಿರಿಯರಿಗೆ ಇಲ್ಲವೆನ್ನಲಾರದೆ ಒಪ್ಪಿಕೊಂಡೆನೇ ಹೊರತು ಸೇವೆಯ ಹಂಬಲದಿಂದಲ್ಲ. ತರಬೇತಿಗೆ ಹೋಗಿ ಬಂದೆ. ಬಂದ ಮೇಲೆ ನನಗೆ ಎಲ್ಲವೂ ಗೊತ್ತಿದೆಯೆಂಬ ಭಾವನೆ ಬಲವಾಯಿತು. ಅದೇ ವರ್ಷ ಇಪ್ಪತ್ತನಾಲ್ಕು ಮಂದಿ ಹುಡುಗಿಯರನ್ನು ಕರೆದುಕೊಂಡು ಕೊಂಡಜ್ಜಿಯ ಶಿಬಿರಕ್ಕೆ ಹೋದೆ. ಒಲೆ ಹೂಡುವುದರಿಂದ ಹಿಡಿದು ಡೇರೆಯ ಗೂಟ ಬಡಿಯುವವರೆಗೆ ಎಲ್ಲದಕ್ಕೂ ನಾನೇ ಮುಂದು. ಮಕ್ಕಳು ಮಾಡಿದುದನ್ನು ಬಿಚ್ಚಿ ಮತ್ತೆ ನಾನೇ ಮಾಡುತ್ತಿದ್ದೆ. ಸಂಜೆಯ ವೇಳೆಗೆ ನನ್ನ ಗಂಟಲು ಕಟ್ಟಿತ್ತು.

ಆ ಸಂಜೆ ಮೋಡ ಕವಿದಿತ್ತು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಯಾರಿಗೂ ಹೇಳದೆ ಡೇರೆಯಿಂದ ಡೇರೆಗೆ ಹೋಗಿ ಗೂಟಕ್ಕೆ ಬಿಗಿದ ಹಗ್ಗಗಳನ್ನು ಸ್ವಲ್ಪಸ್ವಲ್ಪವೇ ಸಡಿಲಿಸುತ್ತಿದ್ದಳು. ಅವಳ ತಂದೆ ಎತ್ತಿನ ಗಾಡಿ ಹೊಡೆದು ಜೀವಿಸುವವನು. ತರಗತಿಯಲ್ಲಿ ಬಾಯಿ ಬಿಡದ ಹುಡುಗಿ. ನಾನು ಅವಳನ್ನು ಎಲ್ಲರ ಮುಂದೆ ಗದರಿಸಿದೆ. ಅವಳು ತಲೆ ತಗ್ಗಿಸಿಕೊಂಡು, “ನೆಂದ್ರೆ ಹಗ್ಗ ಬಿಗೀತೈತಿ ಅಕ್ಕೋರೆ” ಎಂದಳು. ನಮ್ಮ ಕಡೆ ಅಧ್ಯಾಪಕಿಯನ್ನು ಅಕ್ಕೋರೆಂದೇ ಕರೆಯುವುದು. ಅವಳ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ಸಡಿಲಿಸಿದ್ದ ಡೇರೆಗಳಲ್ಲಿ ಎರಡರ ಹಗ್ಗವನ್ನು ಮತ್ತೆ ಬಿಗಿದೆ. ಅಷ್ಟರಲ್ಲಿ ಊಟದ ಹೊತ್ತಾದುದರಿಂದ ಉಳಿದವು ಹಾಗೆಯೇ ಉಳಿದವು.

ನಡುರಾತ್ರಿ ಮಳೆ ಹೊಡೆಯಿತು. ಆ ಕಾಲದಲ್ಲಿ ನಾವು ಬಳಸುತ್ತಿದ್ದುದು ನಾರಿನ ಹಗ್ಗ. ನಾರು ನೀರು ಕುಡಿದರೆ ಉಬ್ಬುತ್ತದೆ, ಹಗ್ಗವು ಮೋಟಾಗುತ್ತದೆ, ಗೂಟವನ್ನು ಎಳೆಯುತ್ತದೆ. ನಾನು ಬಿಗಿದ ಎರಡು ಡೇರೆಗಳ ಗೂಟಗಳು ಹಸಿಮಣ್ಣಿನಿಂದ ಕಿತ್ತುಬಂದು ಡೇರೆಗಳು ಮಲಗಿದ್ದ ಮಕ್ಕಳ ಮೇಲೆ ಕುಸಿದವು. ಅವಳು ಸಡಿಲಿಸಿದ್ದ ಡೇರೆಗಳು ನಿಂತೇ ಇದ್ದವು. ಯಾರಿಗೂ ಪೆಟ್ಟಾಗಲಿಲ್ಲ. ಒದ್ದೆಯಾದ ಮಕ್ಕಳನ್ನೆಲ್ಲ ಉಳಿದ ಡೇರೆಗಳಿಗೆ ಸೇರಿಸಿ, ಹೊದಿಕೆ ಹಂಚಿ, ಅಳುತ್ತಿದ್ದ ಚಿಕ್ಕವರನ್ನು ಸಮಾಧಾನ ಮಾಡಿದವಳು ಆ ಹುಡುಗಿಯೇ. ಅಳತೆ ತಿಳಿಯದೆ ಅಧಿಕಾರ ನಡೆಸಿದ ನಾನು ಕಂದೀಲು ಹಿಡಿದು ನೋಡುತ್ತ ನಿಂತಿದ್ದೆ.

ಮರುದಿನ ಬೆಳಿಗ್ಗೆ ಎಲ್ಲರ ಮುಂದೆ ಅವಳಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡೆ. ಒಪ್ಪಿಕೊಳ್ಳುವುದು ಸುಲಭವಾಗಿರಲಿಲ್ಲ. ಆದರೆ ಅಂದಿನಿಂದ ದಳದ ನಡವಳಿಕೆಯೇ ಬದಲಾಯಿತು. ನನಗೆ ಗೊತ್ತಿಲ್ಲದ ಎಷ್ಟೋ ಸಂಗತಿಗಳು ಈ ಮಕ್ಕಳಿಗೆ ಗೊತ್ತಿದ್ದವು: ಯಾವ ಸೌದೆ ಹಸಿಯಾದರೂ ಉರಿಯುತ್ತದೆ, ಇರುವೆ ಸಾಲು ಏನನ್ನು ಸೂಚಿಸುತ್ತದೆ, ತುಂಬಿದ ಬಿಂದಿಗೆಯನ್ನು ತುಳುಕದಂತೆ ಹೇಗೆ ಒಯ್ಯಬೇಕು. ಗೈಡ್ ಶಿಕ್ಷಣದಲ್ಲಿ ಪೆಟ್ರೋಲ್ ಪದ್ಧತಿಯನ್ನು ಏಕೆ ಇಟ್ಟಿದ್ದಾರೆಂಬುದು ನನಗೆ ತರಬೇತಿಯ ಕೊಠಡಿಯಲ್ಲಿ ತಿಳಿದಿರಲಿಲ್ಲ. ಕುಸಿದ ಡೇರೆಯ ಮುಂದೆ ತಿಳಿಯಿತು. ಹುಡುಗಿಯರ ಹೊಣೆಯನ್ನು ಹುಡುಗಿಯರಿಗೇ ಬಿಟ್ಟು, ಅಪಾಯವಾಗದಂತೆ ದೂರದಿಂದ ನೋಡಿಕೊಳ್ಳುವುದೇ ಕ್ಯಾಪ್ಟನ್ನಳ ಕೆಲಸ. ಸುಮ್ಮನೆ ನಿಲ್ಲುವುದನ್ನು ಕಲಿಯಲು ನನಗೆ ಹಲವು ವರ್ಷ ಹಿಡಿಯಿತು. ಸ್ವಯಂಸೇವೆಯ ಮೊದಲ ಲಾಭ ಇದು: ಕಲಿಸಲು ಹೋದವರು ಕಲಿತು ಬರುತ್ತಾರೆ.

ಎರಡನೆಯದು ನಷ್ಟದಿಂದ ಬಂದ ಲಾಭ. ಅದನ್ನು ಹೇಳದೆ ಬಿಟ್ಟರೆ ಈ ಪಾಠವು ಪ್ರಾಮಾಣಿಕವಾಗಲಾರದು. ಆ ಹುಡುಗಿ ನಮ್ಮ ದಳದಲ್ಲಿ ಎಲ್ಲರಿಗಿಂತ ಬೇಗ ಗಂಟು ಹಾಕಲು ಕಲಿತಳು. ಕಣ್ಣು ಮುಚ್ಚಿಕೊಂಡು, ಕೈಗಳನ್ನು ಬೆನ್ನ ಹಿಂದಿಟ್ಟುಕೊಂಡು ರೀಫ್ ಗಂಟು ಹಾಕಿ ತೋರಿಸುತ್ತಿದ್ದಳು. 1985ರ ಒಂದು ಸಂಜೆ ಅಭ್ಯಾಸ ಮುಗಿದ ಮೇಲೆ ನನ್ನ ಬಳಿಗೆ ಬಂದು, “ಒಂದ್ಸಾರಿ ಮನೀಗೆ ಬಂದು ಅಪ್ಪಗೆ ಹೇಳ್ರಿ ಅಕ್ಕೋರೆ” ಎಂದಳು. ಏನು ಹೇಳಬೇಕೆಂದು ಅವಳು ಬಿಡಿಸಿ ಹೇಳಲಿಲ್ಲ; ನಾನೂ ಕೇಳಲಿಲ್ಲ. ಆ ವಾರ ಶಾಲೆಯ ತನಿಖೆಯಿತ್ತು. ಮುಂದಿನ ವಾರ ಬರುತ್ತೇನೆ ಎಂದೆ. ಮುಂದಿನ ವಾರ ತರಗತಿಯಲ್ಲಿ ಅವಳ ಜಾಗ ಬರಿದಾಗಿತ್ತು. ಶಾಲೆ ಬಿಡಿಸಿದ್ದಾರೆ, ಮದುವೆ ಗೊತ್ತಾಗಿದೆ ಎಂದು ಗೆಳತಿಯರು ಹೇಳಿದರು. ಹೆಣ್ಣಿಗೆ ಹದಿನೆಂಟು ತುಂಬದೆ ಮದುವೆ ಕೂಡದೆಂದು 1978ರಲ್ಲಿಯೇ ಕಾನೂನು ತಿದ್ದುಪಡಿಯಾಗಿತ್ತು. ಕಾನೂನು ಇತ್ತು, ಶಾಲೆ ಇತ್ತು, ದಳವಿತ್ತು, ನಾನೂ ಇದ್ದೆ. ಆದರೂ ಅವಳ ನೆರವಿಗೆ ಯಾರೂ ಇರಲಿಲ್ಲ. ನಾನು ಆ ಮನೆಯ ಬಾಗಿಲಿಗೆ ಹೋದಾಗ ಅವಳನ್ನು ದೂರದ ನೆಂಟರ ಊರಿಗೆ ಕಳುಹಿಸಿಯಾಗಿತ್ತು.

‘ಸಿದ್ಧರಾಗಿರಿ’ ಎಂಬ ಮಾತನ್ನು ನಾನು ಮಕ್ಕಳಿಗೆ ದಿನವೂ ಹೇಳುತ್ತಿದ್ದೆ. ಅದು ನನಗೂ ಅನ್ವಯಿಸುತ್ತದೆಂದು ಅಂದು ತಿಳಿಯಿತು. ಆ ಮೇಲೆ ದಳಕ್ಕೆ ಸೇರಿದ ಪ್ರತಿಯೊಬ್ಬ ಹುಡುಗಿಯ ಮನೆಗೂ ವರ್ಷಕ್ಕೆ ಒಮ್ಮೆಯಾದರೂ ಹೋಗುವುದನ್ನು ವ್ರತವಾಗಿ ಹಿಡಿದೆ. ಹೀಗೆ ಹೋದಾಗಲೇ ನನಗೆ ನನ್ನ ಊರಿನ ಪರಿಚಯವಾಯಿತು. ಅಭ್ಯಾಸಕ್ಕೆ ತಡವಾಗಿ ಬರುವವಳು ಸೋಮಾರಿಯಲ್ಲ, ಎರಡು ಮೈಲಿ ದೂರದಿಂದ ನೀರು ತಂದಿಟ್ಟು ಬರುತ್ತಾಳೆ ಎಂದು ತಿಳಿಯಿತು. ಶಿಬಿರಕ್ಕೆ ಕಳುಹಿಸಲು ಒಪ್ಪದ ತಾಯಿಯು ಹಟಮಾರಿಯಲ್ಲ. ಅಲ್ಲಿ ಹೆಣ್ಣುಮಕ್ಕಳಿಗೆ ಮರೆಯಾದ ಶೌಚಾಲಯವಿದೆಯೇ, ರಾತ್ರಿ ಕಾವಲು ಯಾರದು ಎಂಬ ಅವಳ ಪ್ರಶ್ನೆ ನ್ಯಾಯವಾದುದು ಎಂದು ತಿಳಿಯಿತು. ಆ ಪ್ರಶ್ನೆಗೆ ಸರಿಯಾದ ಉತ್ತರವನ್ನು ಸಿದ್ಧಮಾಡಿಕೊಂಡು ಹೋದರೆ ಹತ್ತರಲ್ಲಿ ಏಳೆಂಟು ಮನೆಗಳಲ್ಲಿ ಒಪ್ಪಿಗೆ ದೊರೆಯುತ್ತಿತ್ತು. ದೊರೆಯದ ಮನೆಗಳೂ ಇದ್ದವು. ಸೇವೆಗೆ ಇಳಿದವರು ಸೋಲನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೂರನೆಯ ಲಾಭವೆಂದರೆ, ಈ ಕೆಲಸದಲ್ಲಿರುವವರು ಎಂದಿಗೂ ವಿದ್ಯಾರ್ಥಿಗಳಾಗಿಯೇ ಉಳಿಯುತ್ತಾರೆ. ಹಾವು ಕಚ್ಚಿದಾಗ ಮಾಡಬೇಕಾದ ಪ್ರಥಮ ಚಿಕಿತ್ಸೆಯನ್ನೇ ನೋಡಿ. ಕಚ್ಚಿದ ಜಾಗದ ಮೇಲ್ಭಾಗಕ್ಕೆ ಹಗ್ಗದಿಂದ ಬಲವಾಗಿ ಬಿಗಿಯಬೇಕೆಂದು ನಾನು ಮೊದಲು ಕಲಿತಿದ್ದೆ, ಹಾಗೆಯೇ ಕಲಿಸಿದ್ದೆ. ಮುಂದೆ ವೈದ್ಯರು ಅದು ತಪ್ಪೆಂದರು. ಬಿಗಿದು ಕಟ್ಟಿದರೆ ರಕ್ತಸಂಚಾರ ನಿಂತು ಕೈಕಾಲೇ ಕೆಡಬಹುದು. ಕೊಯ್ಯುವುದು, ಬಾಯಿಂದ ಹೀರುವುದು ಇನ್ನೂ ಅಪಾಯಕರ. ಕಚ್ಚಿಸಿಕೊಂಡವರಿಗೆ ಧೈರ್ಯ ಹೇಳಿ, ನಡೆಯಲು ಬಿಡದೆ, ಉಂಗುರ ಬಳೆಗಳನ್ನು ತೆಗೆದು, ಮೂಳೆ ಮುರಿದಾಗ ಮಾಡುವಂತೆ ಕೋಲನ್ನಿಟ್ಟು ಆ ಅಂಗವು ಅಲುಗದಂತೆ ಹದವಾಗಿ ಕಟ್ಟಿ, ಆದಷ್ಟು ಬೇಗ ಹಾವಿನ ವಿಷಕ್ಕೆ ಮದ್ದಿರುವ ಆಸ್ಪತ್ರೆಗೆ ಒಯ್ಯಬೇಕು. ಹಿಂದೆ ಕಲಿಸಿದ್ದು ತಪ್ಪಾಗಿತ್ತೆಂದು ಮಕ್ಕಳ ಮುಂದೆ ಹೇಳಿ ನಾನು ಈ ಹೊಸ ಪಾಠವನ್ನು ಆರಂಭಿಸಿದೆ.

2011ರ ಮಳೆಗಾಲದಲ್ಲಿ ನಮ್ಮ ದಳದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಚಿಕ್ಕಪ್ಪನಿಗೆ ಬದುವಿನಲ್ಲಿ ಹುಲ್ಲು ಕೊಯ್ಯುವಾಗ ಕಾಲಿಗೆ ಹಾವು ಕಚ್ಚಿತು. ಕೂಡಿದ ಜನರಲ್ಲಿ ಒಬ್ಬರು ಹಗ್ಗ ತಂದರು, ಇನ್ನೊಬ್ಬರು ಬ್ಲೇಡು ತಂದರು. ಆ ಹುಡುಗಿ ಇಬ್ಬರಿಗೂ ಅಡ್ಡ ನಿಂತಳು. ಚಿಕ್ಕ ಹುಡುಗಿಯ ಮಾತನ್ನು ಕೇಳುವವರು ಯಾರು? ಬೈಗಳು ಬಿದ್ದವು. ಆದರೂ ಬಿಡದೆ, ಕೊಡೆಯೊಂದನ್ನು ಕಾಲಿನ ಪಕ್ಕಕ್ಕಿಟ್ಟು ತನ್ನ ದುಪಟ್ಟಾವನ್ನು ಹರಿದು ಹದವಾಗಿ ಕಟ್ಟಿ, ಚಿಕ್ಕಪ್ಪನನ್ನು ಒಂದು ಹೆಜ್ಜೆಯನ್ನೂ ನಡೆಸಗೊಡದೆ ನೆರೆಮನೆಯ ಲಗೇಜ್ ಆಟೋದಲ್ಲಿ ಮಲಗಿಸಿ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದಳು. ಆತನ ಜೀವವೂ ಉಳಿಯಿತು, ಕಾಲೂ ಉಳಿಯಿತು. ನನಗೆ ಈ ಸುದ್ದಿ ತಿಳಿದುದು ಒಂದು ವಾರದ ಮೇಲೆ, ಅದೂ ಬೇರೆ ಮಕ್ಕಳ ಬಾಯಿಂದ. “ಏಕಮ್ಮ ನನಗೆ ಹೇಳಲಿಲ್ಲ?” ಎಂದು ಕೇಳಿದೆ. “ಹೇಳಾಕೇನೈತ್ರಿ ಅಕ್ಕೋರೆ, ಕಲ್ತಿದ್ದೆ, ಮಾಡ್ದೆ” ಎಂದಳು.

ಅಂದು ನನಗೆ ಸ್ವಲ್ಪ ಆಶ್ಚರ್ಯವೂ ನಿಜ ಹೇಳಬೇಕೆಂದರೆ ತುಸು ಪೆಚ್ಚೂ ಆಯಿತು. ಅಷ್ಟು ದೊಡ್ಡ ಗಳಿಗೆಯಲ್ಲಿ ಅವಳಿಗೆ ನನ್ನ ನೆನಪೇ ಆಗಿರಲಿಲ್ಲ! ಯೋಚಿಸುತ್ತ ಹೋದಂತೆ, ಇದಕ್ಕಿಂತ ಹೆಚ್ಚಿನದನ್ನು ನಾನು ಬಯಸಬಾರದೆಂದು ತೋರಿತು. ಗುರುವನ್ನು ನೆನೆದು ಮಾಡುವ ಕೆಲಸ ಇನ್ನೂ ಗುರುವಿನದು. ನೆನೆಯದೆ ಮಾಡಿದ ಕೆಲಸ ಅವಳ ಸ್ವಂತದ್ದು. ನಡೆಯಲು ಕಲಿತ ಮಗು ಹಿಡಿದ ಬೆರಳನ್ನು ಬಿಡುತ್ತದೆ. ಬಿಟ್ಟ ಬೆರಳಿಗೆ ಅದೇ ಸಂಭಾವನೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕೂಲಿ ಕೊಡಬೇಕಾದ ದುಡಿಮೆಗೆ ಸೇವೆಯೆಂದು ಹೆಸರಿಟ್ಟು ಬಡವರಿಂದ ಬಿಟ್ಟಿ ಕೆಲಸ ಮಾಡಿಸಿಕೊಳ್ಳುವುದು ಸೇವೆಯಲ್ಲ, ಅನ್ಯಾಯ. ಪ್ರಮಾಣಪತ್ರಕ್ಕಾಗಿ ಮಾತ್ರ ಸಮವಸ್ತ್ರ ತೊಟ್ಟು ನಿಲ್ಲುವುದೂ ಸೇವೆಯಲ್ಲ. ಸೇವೆಯಲ್ಲಿ ಗೌರವಚಿಹ್ನೆಗಳು ಇಲ್ಲವೆಂದಲ್ಲ. ದಳ ನಡೆಸುವವರಿಗೆ ಪ್ರಾಥಮಿಕ ತರಬೇತಿ, ಉನ್ನತ ತರಬೇತಿ ಎಂಬ ಹಂತಗಳಿದ್ದು, ಅವುಗಳ ಕೊನೆಯಲ್ಲಿ ‘ಹಿಮಾಲಯ ವುಡ್ ಬ್ಯಾಡ್ಜ್’ ದೊರೆಯುತ್ತದೆ. ಅದು ದಾರಕ್ಕೆ ಪೋಣಿಸಿದ ಎರಡು ಚಿಕ್ಕ ಮರದ ಮಣಿ. ಪೇಟೆಯಲ್ಲಿ ಅದಕ್ಕೆ ನಾಲ್ಕಾ ಣೆಯ ಬೆಲೆಯೂ ಬಾರದು. ಆದರೆ ನನ್ನ ಪೆಟ್ಟಿಗೆಯಲ್ಲಿರುವ ಒಡವೆಗಳಲ್ಲಿ ನಾನು ಮೊದಲು ಹುಡುಕುವುದು ಅದನ್ನೇ.

ಒಂಬತ್ತನೆಯ ತರಗತಿಯಲ್ಲಿರುವ ನೀವು ಈ ಕೆಲಸಕ್ಕೆ ಚಿಕ್ಕವರೆಂದು ತಿಳಿಯಬೇಡಿ. ಪೆಟ್ರೋಲಿನ ನಾಯಕಿಯಾಗಿ ಆರು ಮಂದಿಯ ಹೊಣೆ ಹೊರುವ ವಯಸ್ಸು ಇದೇ. ನಿಮ್ಮ ಶಾಲೆಯಲ್ಲಿ ದಳವಿದ್ದರೆ ಸೇರಿ. ಕೆಳಗಿನ ತರಗತಿಯ ಬುಲ್‌ಬುಲ್‌ಗಳಿಗೆ ಒಂದು ಆಟವನ್ನೋ ಒಂದು ಗಂಟನ್ನೋ ಕಲಿಸಿ. ದಳವಿಲ್ಲದಿದ್ದರೆ ನೆರೆಮನೆಯ ಕಿರಿಯರಿಗೆ ಲೆಕ್ಕ ಹೇಳಿಕೊಡಿ. ಹುಡುಗರೂ ಈ ಮಾತು ತಮಗಲ್ಲವೆಂದು ತಿಳಿಯಬಾರದು. ತಂಗಿಯ ಪಾಲಿನ ನೀರನ್ನು ನೀವು ಹೊತ್ತು ತಂದರೆ ಅವಳು ಅಭ್ಯಾಸಕ್ಕೆ ಸಕಾಲದಲ್ಲಿ ಬರುತ್ತಾಳೆ. ನಿಮ್ಮ ಪಕ್ಕದಲ್ಲಿ ಕುಳಿತ ಗೆಳತಿ ಬಿಡಿಸಿ ಹೇಳಲಾರದೆ ಏನನ್ನಾದರೂ ಕೇಳಿದರೆ, ಮುಂದಿನ ವಾರ ಎನ್ನಬೇಡಿ. ನೀವು ನಂಬುವ ಹಿರಿಯರಿಗೆ ಅಂದೇ ತಿಳಿಸಿ.

ನಾನು ನಿವೃತ್ತಳಾದ 2018ರಲ್ಲಿ ಒಂದು ದಿನ ಹರಿಹರದ ಬಸ್ಸಿಗಾಗಿ ಕಾಯುತ್ತಿದ್ದೆ. ಹೂವಿನ ಬುಟ್ಟಿಯ ಮುಂದೆ ಕುಳಿತಿದ್ದ ಹೆಂಗಸು ನನ್ನನ್ನು ದಿಟ್ಟಿಸಿ ನೋಡಿ, “ಗುರ್ತು ಸಿಗ್ಲಿಲ್ಲೇನ್ರಿ ಅಕ್ಕೋರೆ?” ಎಂದಳು. ಮೂವತ್ತಮೂರು ವರ್ಷಗಳ ಹಿಂದೆ ತರಗತಿಯಲ್ಲಿ ಬರಿದಾದ ಜಾಗದ ಹುಡುಗಿ. ನನಗೆ ಮಾತು ಹೊರಡಲಿಲ್ಲ. ಅವಳ ಕೈಗಳು ಮಾತ್ರ ಮಲ್ಲಿಗೆ ಕಟ್ಟುತ್ತಲೇ ಇದ್ದವು. ಬಾಳೆನಾರು ಮುಗಿಯಿತು. ಇನ್ನೊಂದು ನಾರನ್ನು ತೆಗೆದು, ಬೆರಳುಗಳನ್ನು ನೋಡದೆಯೇ ತುದಿಗಳನ್ನು ಜೋಡಿಸಿ ಎಳೆದಳು. ಬಲ ಎಡದ ಮೇಲೆ, ಎಡ ಬಲದ ಮೇಲೆ. “ನೀವು ಕಲ್ಸಿದ ಗಂಟು. ಎಷ್ಟು ಎಳುದ್ರೂ ಬಿಚ್ಚಂಗಿಲ್ಲ” ಎಂದು ನಕ್ಕಳು. ಅಂದು ನಾನು ಬರಲಿಲ್ಲವೆಂಬ ಮಾತನ್ನು ಅವಳು ಎತ್ತಲಿಲ್ಲ. ನಾನೇ ಎತ್ತಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಿರೀ ಮಗಳು ಕಾಲೇಜಿಗೆ ಹೋಗ್ತಾಳ್ರಿ. ಅದನ್ನ ಬಿಡ್ಸಿಲ್ಲ” ಎಂದಳು. ಒಂದು ಮೊಳ ಹೂವನ್ನು ಎಲೆಯಲ್ಲಿ ಸುತ್ತಿ ನನ್ನ ಕೈಯಲ್ಲಿಟ್ಟಳು. ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ.

ಆ ಹೂವನ್ನು ನನ್ನ ಸೇವೆಯ ಬಹುಮಾನವೆಂದು ಹೇಳಿಕೊಳ್ಳಲು ನನಗೆ ಧೈರ್ಯವಿಲ್ಲ. ಅದು ನಾನು ತೀರಿಸದೆ ಉಳಿದ ಸಾಲವನ್ನು ನೆನಪಿಸಿತು. ಹಗ್ಗ ನೆಂದರೆ ಬಿಗಿಯುತ್ತದೆಂದು ಅವಳು ನನಗೆ ಕಲಿಸಿದ್ದಳು. ಜಾರದ ಗಂಟನ್ನು ನಾನು ಅವಳಿಗೆ ಕಲಿಸಿದ್ದೆ. ಅವಳು ಕೊಟ್ಟ ಪಾಠದಿಂದ ಮುಂದಿನ ನೂರಾರು ಹುಡುಗಿಯರಿಗೆ ನಾನು ಸ್ವಲ್ಪ ಒಳ್ಳೆಯ ಅಧ್ಯಾಪಕಿಯಾದೆ. ಸ್ವಯಂಸೇವೆಯು ಒಬ್ಬರು ಕೊಟ್ಟು ಇನ್ನೊಬ್ಬರು ಪಡೆಯುವ ವ್ಯವಹಾರವಲ್ಲ. ಎರಡು ಸಲವೂ ಒಂದೇ ಕಡೆಯಿಂದ ಹಾಯಿಸಿದ ಗಂಟು ಜಾರುತ್ತದೆ. ಮೊದಲು ಬಲದ ತುದಿ ಎಡದರ ಮೇಲೆ ಹಾಯಬೇಕು, ಆಮೇಲೆ ಎಡದ ತುದಿ ಬಲದರ ಮೇಲೆ ಹಾಯಬೇಕು. ಆಗ ಮಾತ್ರ ಅದು ನಿಲ್ಲುತ್ತದೆ. ಕೈ ಕೆಸರಾದವರಿಗೆ ದೊರೆಯುವುದೇನೆಂದು ಆರಂಭದಲ್ಲಿ ಕೇಳಿದೆನಲ್ಲವೆ? ನನಗೆ ದೊರೆತುದು ಇನ್ನೊಂದು ತುದಿಯನ್ನು ಹಿಡಿದ ಕೈಗಳು.